ಸ್ವರದ ಹತ್ತಿರ ಅಂಕಿ ಯಾಕೆ?

ಪ್ರಶ್ನೆ: ಕೊಳಲು ಕಲಿಯುತ್ತಿದ್ದೇನೆ. ಜರ್ಮನ್ ಸಂಗೀತಕಾರ ಬಾಕ್ ಅವರ ಇ ಮೈನರ್ ಫ್ಲೂಟ್ ಸೊನಾಟಾದ ಹಾಳೆ ಸಿಕ್ಕಿತು. ಫ್ಲೂಟ್‌ಗೆ ಒಂದು ಸಾಲು, ಕೆಳಗೆ ಮಂದ್ರದ ಸಾಲು. ಅದರ ಹತ್ತಿರ 6, 7 ಅಂತ ಅಂಕಿಗಳಿವೆ. ಬೆರಳಿನ ಗುರುತಾ?
– ಓದುಗರು, ಹಾಸನ

ಉತ್ತರ: ಬೆರಳಿನದಲ್ಲ. ಅವು ಹಾರ್ಪ್ಸಿಕಾರ್ಡ್ ಎಂಬ, ಪಿಯಾನೊದಂಥ ಹಳೆಯ ವಾದ್ಯ ನುಡಿಸುವವರಿಗೆ. ಎಡಗೈ ಮಂದ್ರದ ಸಾಲು ನುಡಿಸುತ್ತದೆ, ಜೊತೆಗೆ ದೊಡ್ಡ ಪಿಟೀಲಿನಂಥ ಚೆಲ್ಲೋ ಕೂಡ. ಬಲಗೈಗೆ ಬಾಕ್ ಏನೂ ಬರೆದಿಲ್ಲ. ಅಂಕಿ ನೋಡಿ ಮೇಲಿನ ಸ್ವರಗಳನ್ನು ಅವರೇ ಕಟ್ಟಿಕೊಳ್ಳಬೇಕು. ನುಡಿಸುವವರ ಮೇಲಿನ ಈ ನಂಬಿಕೆ ನನಗೆ ತುಂಬಾ ಇಷ್ಟ.

ಶಂಕರಾಭರಣದ ಸ್ವರದಲ್ಲೇ ನೋಡಿ. ಕೆಳಗೆ ಗ ಇದೆ, ಅಂಕಿ ಇಲ್ಲ. ಆಗ ಮೇಲೆ ಪ, ನಿ. ಅದೇ ಗ ಹತ್ತಿರ 6 ಇದ್ದರೆ ಪ ಮತ್ತು ಮೇಲಿನ ಸ. ಗ ಒಂದು, ಮ ಎರಡು ಅಂತ ಎಣಿಸಿ. ಆರನೆಯದು ಸ ಅಲ್ವಾ?

ನಮ್ಮ ತಂಬೂರಿ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ. ಇಲ್ಲಿ ಮಂದ್ರ ನಡೆಯುತ್ತಲೇ ಇರುತ್ತದೆ. ಈ ಸೊನಾಟಾದ ಮೂರನೇ ಭಾಗ, ನಿಧಾನ ನಡೆಯ ಆಂಡಾಂಟೆ, ಕೇಳಿ. ಫ್ಲೂಟ್ ಬರುವ ಮೊದಲೇ ಮಂದ್ರದ ಸಾಲು ಹೊರಟಿರುತ್ತದೆ.

ಸುಮ್ನೆ ಫ್ಲೂಟ್ ಸಾಲು ಮಾತ್ರ ಕಲಿಯಬೇಡಿ, ಕೆಳಗಿನದನ್ನು ಮೊದಲು ಹಾಡಿ. ಹಾಸನದಲ್ಲಿ ಹಾರ್ಪ್ಸಿಕಾರ್ಡ್ ಹುಡುಕುವುದು ಕಷ್ಟ. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವರು ಯಾರಾದರೂ ಇದ್ದರೆ ಈ ಹಾಳೆ ತೋರಿಸಿ.