ಓಡಾಡಬೇಕಾದ್ದು ಕಾಗದ, ಆಕೆಯಲ್ಲ

ಗದಗ-ಬೆಟಗೇರಿಯಿಂದ ಒಬ್ಬ ನಿವೃತ್ತ ಶಿಕ್ಷಕಿ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಮೂರು ಪುಟದ ಪತ್ರದ ಸಾರ ಇಷ್ಟು:

"ಹಿಂದಿನ ಸಂಚಿಕೆಯಲ್ಲಿ ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಲೇಖನ ಹಾಕಿದಿರಿ. ಕೊನೆಗೆ 181, 112, 15100 ಅಂತ ಮೂರು ಸಹಾಯವಾಣಿ ನಂಬರ್ ಕೊಟ್ಟು ಕೈ ತೊಳೆದುಕೊಂಡಿರಿ. ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಗಂಡ ಹೊಡೆದ. ಫೋನ್ ಮಾಡಿದಳು. ಪೊಲೀಸ್ ಗಾಡಿ ಬಂತು, ಇಬ್ಬರಿಗೂ ಬುದ್ಧಿ ಹೇಳಿ ಹೋಯಿತು. ಠಾಣೆಗೆ ಹೋದರೆ ಒಂದು ಕೇಂದ್ರಕ್ಕೆ ಕಳಿಸಿದರು. ಕೇಂದ್ರದವರು ಒಂದು ಆಫೀಸಿಗೆ. ಆಫೀಸಿನವರು ವಕೀಲರ ಹತ್ತಿರ. ತವರಿಗೆ ಬಂದು ಕೇಳಿದರೆ 'ಇದು ನಮ್ಮ ಹದ್ದಿಗೆ ಬರೂದಿಲ್ರಿ' ಅಂದರು. ಸರ್ಕಾರ ಒಂದೇ ಅಲ್ವಾ? ಇವರೆಲ್ಲರ ತಲೆ ಮೇಲೆ ಇಡೀ ರಾಜ್ಯಕ್ಕೆ ಒಬ್ಬ ದೊಡ್ಡ ಅಧಿಕಾರಿಯನ್ನು ಕೂರಿಸಬಾರದೇ?"

ಅಕ್ಕೋರೇ, ನಮಸ್ಕಾರ.

ಮೊದಲು ನಮ್ಮ ತಪ್ಪು. ಪುಟದ ಕೊನೆಗೆ ನಾಲ್ಕು ಸಾಲಿನ ಜಾಗ ಉಳಿದಿತ್ತು, ಅಲ್ಲಿ ನಂಬರ್ ತುಂಬಿದೆವು. ಫೋನ್ ಎತ್ತಿದವರು ಆಮೇಲೆ ಏನು ಮಾಡಬೇಕು ಅನ್ನೋದನ್ನು ಬರೆಯಲಿಲ್ಲ. ಬರೆಯಬೇಕಾದ್ದೇ ಅದು.

ಆದರೆ ದೊಡ್ಡ ಅಧಿಕಾರಿಯ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಈ ಇಲಾಖೆಗಳನ್ನೆಲ್ಲ ಜೋಡಿಸುವ ಕೆಲಸವನ್ನು ಈಗಾಗಲೇ ಒಬ್ಬರು ಮಾಡುತ್ತಿದ್ದಾರೆ. ಅದು ನಿಮ್ಮ ಆ ಹುಡುಗಿ. ಪೊಲೀಸರು ಗೃಹ ಇಲಾಖೆಯವರು. ಸಖಿ, ಸಾಂತ್ವನ ಅನ್ನುವ ನೆರವು ಕೇಂದ್ರಗಳು, ಸಿಡಿಪಿಒ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಎಲ್ಲ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದು, ಸರ್ಕಾರಿ ಮೆಡಿಕಲ್ ಕಾಲೇಜಿನ ದೊಡ್ಡಾಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದು. ಉಚಿತ ವಕೀಲರು ಕಾನೂನು ಸೇವಾ ಪ್ರಾಧಿಕಾರದಿಂದ ಬರಬೇಕು. ಇವರ ನಡುವೆ ಫೈಲು ಹೊತ್ತು ತಿರುಗುವ ಜವಾನನ ಕೆಲಸ ಹೊಡೆತ ತಿಂದವಳಿಗೆ ಬಿದ್ದಿದೆ. ಪಗಾರವಿಲ್ಲ, ಬಸ್ಸಿನ ಟಿಕೆಟ್ ಮಾತ್ರ ಪುಕ್ಕಟೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳ ಜೊತೆ ಒಂದು ವಾರ ಓಡಾಡಿದೆ. ಆಕೆಯ ಕೈಯಲ್ಲಿ ಜವಳಿ ಅಂಗಡಿಯ ಚೀಲ. ಅದರೊಳಗೆ ಆಧಾರ್ ಜೆರಾಕ್ಸ್, ರೇಷನ್ ಕಾರ್ಡು, ಆಸ್ಪತ್ರೆ ಚೀಟಿ, ಯಾರೋ ಬೇಕಾಗುತ್ತದೆ ಅಂದರು ಅಂತ ಮದುವೆ ಫೋಟೋ. ಆಸ್ಪತ್ರೆ ಚೀಟಿಯಲ್ಲಿ 'ಬಚ್ಚಲಲ್ಲಿ ಜಾರಿ ಬಿದ್ದದ್ದು' ಅಂತ ಇತ್ತು. ಹಾಗೆ ಹೇಳಿದ್ದು ಜೊತೆಗೆ ಬಂದಿದ್ದ ಅತ್ತೆ.

ಮೊದಲನೇ ಕಡೆ ಆಕೆ ಇಪ್ಪತ್ತು ನಿಮಿಷ ಹೇಳಿದಳು. ಯಾವತ್ತು, ಯಾಕೆ, ಯಾವುದರಿಂದ ಹೊಡೆದ, ಮಗು ಎಲ್ಲಿತ್ತು, ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನವೇ ಯಾಕೆ ಜಗಳ ಆಗುತ್ತದೆ, ಎಲ್ಲ. ಮೂರನೇ ಕಡೆ ಹತ್ತು ನಿಮಿಷಕ್ಕೆ ಇಳಿಯಿತು. ಐದನೇ ಕಡೆ ಆಕೆ ಹೇಳಿದ್ದು ಒಂದೇ ಮಾತು: "ಹೊಡೀತಾನ್ರಿ." ಬರೆದುಕೊಂಡವರು ಅಷ್ಟನ್ನೇ ಬರೆದುಕೊಂಡರು. ಮೊದಲಿನ ಇಪ್ಪತ್ತು ನಿಮಿಷ ಯಾವ ಕಾಗದದಲ್ಲೂ ಇಲ್ಲ.

ಹಾಗಂತ ಆ ಐದನೇ ಕಡೆಯ ಅಧಿಕಾರಿ ಕೆಟ್ಟವರಲ್ಲ, ಪಾಪ. ಅವರ ಟೇಬಲ್ ನೋಡಿದೆ. ಅಂಗನವಾಡಿ ಮೊಟ್ಟೆಯ ಬಿಲ್ಲು, ಗೃಹಲಕ್ಷ್ಮಿ ಹಣ ಬರಲಿಲ್ಲ ಅಂತ ಬಂದ ಅರ್ಜಿಗಳ ಕಟ್ಟು, ಬಾಗಿಲ ಹೊರಗೆ ಸಹಾಯಕಿಯರ ಸಾಲು. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಸಿಡಿಪಿಒ ಅವರನ್ನೇ ಮನೆಯೊಳಗಿನ ಹಿಂಸೆಯ ದೂರು ನೋಡಿಕೊಳ್ಳುವ ಸಂರಕ್ಷಣಾಧಿಕಾರಿ ಅಂತ ಮಾಡಿದ್ದಾರೆ. ಅಂದರೆ ಮೊಟ್ಟೆ ಒಡೆದರೂ ಅವರೇ, ತಲೆ ಒಡೆದರೂ ಅವರೇ. ಮೊಟ್ಟೆಯ ಲೆಕ್ಕಕ್ಕೆ ಮೇಲಿನಿಂದ ದಿನಾ ಫೋನ್ ಬರುತ್ತದೆ.

ಈಗ ಕಾನೂನಿಗೆ ಬರೋಣ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ನೀವು ಕೇಳುತ್ತಿರುವುದು ಅದರಲ್ಲಿ ಆಗಲೇ ಇದೆ. ಗೃಹ, ಆರೋಗ್ಯ, ಕಾನೂನು ಇಲಾಖೆಗಳ ಕೆಲಸವನ್ನು ಸರ್ಕಾರ ಜೋಡಿಸಬೇಕು, ಆಗಾಗ ಪರಿಶೀಲನೆ ಮಾಡಬೇಕು ಅಂತ 11ನೇ ಕಲಂ ಹೇಳುತ್ತದೆ. ಆದರೆ ನನಗೆ ಇಷ್ಟವಾದದ್ದು 9ನೇ ಕಲಂ. ಸಂರಕ್ಷಣಾಧಿಕಾರಿ ಒಂದು ವರದಿ ಬರೆಯಬೇಕು. ಕಚೇರಿಯವರ ಬಾಯಲ್ಲಿ ಡಿಐಆರ್, ಅಂದರೆ ಮನೆಯಲ್ಲಿ ನಡೆದದ್ದರ ವರದಿ. ಅದನ್ನು ಅವರೇ ಮ್ಯಾಜಿಸ್ಟ್ರೇಟ್‌ಗೆ ಕೊಡಬೇಕು, ಪ್ರತಿಯನ್ನು ಅವರೇ ಠಾಣೆಗೆ ಕಳಿಸಬೇಕು. ಆಕೆಗೆ ಗಾಯವಾಗಿದ್ದರೆ ವೈದ್ಯರ ಹತ್ತಿರ ಕರೆದೊಯ್ಯುವುದು, ಉಳಿಯಲು ಜಾಗ ನೋಡುವುದು, ಉಚಿತ ವಕೀಲರನ್ನು ಕೊಡಿಸುವುದು ಎಲ್ಲ ಅವರ ಪಾಲಿನ ಕೆಲಸ. ತುರ್ತು ಇದ್ದರೆ 2006ರ ನಿಯಮಗಳ ಪ್ರಕಾರ ಒಂದು ಫೋನ್ ಬಂದರೂ ಸಾಕು, ಪೊಲೀಸರ ನೆರವು ತೆಗೆದುಕೊಂಡು ಅಲ್ಲಿಗೇ ಹೋಗಿ ವರದಿ ಬರೆಯಬೇಕು. ಕಾನೂನು ಮಾಡಿದವರಿಗೆ ಇದು ಗೊತ್ತಿತ್ತು. ಓಡಾಡಬೇಕಾದ್ದು ಕಾಗದ. ಆಕೆ ಒಂದು ಕಡೆ ಕೂತಿರಬೇಕು.

ಹಾಗಾದರೆ ಎಲ್ಲಿ ಕೂರಬೇಕು? ಇದಕ್ಕೆ ಮುಂಬೈ ಕಡೆ ನೋಡಬಹುದು. ಒಂದು ಕಾಲಕ್ಕೆ ನಾವೂ ಮುಂಬೈ ಪ್ರಾಂತ್ಯದವರೇ, ಕೇಳಿ ಕಲಿಯಲು ನಾಚಿಕೆ ಬೇಡ. 1984ರಲ್ಲಿ ಅಲ್ಲಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ತನ್ನ ಸಮಾಜ ಕಾರ್ಯಕರ್ತೆಯರನ್ನು ಪೊಲೀಸ್ ಕಮಿಷನರ್ ಕಚೇರಿಯಲ್ಲೇ ಕೂರಿಸಿತು. ಪೊಲೀಸರಲ್ಲ ಅವರು, ಆದರೆ ಪೊಲೀಸರ ಪಕ್ಕದ ಟೇಬಲ್. 2000ದಲ್ಲಿ ಬಾಂದ್ರಾದ ಮಹಾನಗರ ಪಾಲಿಕೆ ಆಸ್ಪತ್ರೆಯೊಳಗೇ 'ದಿಲಾಸಾ' ಅನ್ನುವ ನೆರವು ಕೇಂದ್ರ ಶುರುವಾಯಿತು. 'ಜಾರಿ ಬಿದ್ದೆ' ಅಂತ ಬಂದವಳನ್ನು ನರ್ಸು ಒಂದು ಸಲ ಮುಖ ನೋಡುತ್ತಾಳೆ, ಅತ್ತೆಯನ್ನು ಹೊರಗೆ ಕೂರಿಸಿ ಪಕ್ಕದ ಕೋಣೆಗೆ ಕರೆದೊಯ್ಯುತ್ತಾಳೆ. ಸಖಿ ಒನ್ ಸ್ಟಾಪ್ ಸೆಂಟರ್ ಅಂತ 2015ರಲ್ಲಿ ಕೇಂದ್ರ ಸರ್ಕಾರ ತಂದದ್ದೂ ಇದೇ ಆಸೆಯಿಂದ. ಹೆಸರಿನಲ್ಲೇ ಇದೆಯಲ್ಲ, ಒಂದೇ ಸ್ಟಾಪು. ಅಲ್ಲಿಂದ ಇನ್ನೊಂದು ಬಸ್ ಹತ್ತಿಸಿದರೆ ಅದು ಸ್ಟಾಪ್ ಹೇಗಾಗುತ್ತದೆ?

2025ರ ಮೇ 20ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಒಂದು ಮಾತು ಹೇಳಿತು. ಪೀಠದಲ್ಲಿ ನಮ್ಮ ಬಿ.ವಿ. ನಾಗರತ್ನ ಅವರೂ ಇದ್ದರು. ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿಗಳನ್ನು ಗುರುತಿಸಿ ಸಂರಕ್ಷಣಾಧಿಕಾರಿ ಅಂತ ನೇಮಿಸಿ, ಆರು ವಾರ ಸಮಯ ಅಂತ. ಒಳ್ಳೆಯದೇ. ಆದರೆ ಈಗಿರುವವರ ಹೆಗಲಿಗೇ ಇನ್ನೊಂದು ಹೆಸರು ಹಾಕಿದರೂ ಆದೇಶ ಪಾಲಿಸಿದ ಹಾಗೆ ಆಗುತ್ತದೆ. ಹೆಸರು ಸಿಕ್ಕೀತು, ಪುರುಸೊತ್ತು ಸಿಗಬೇಕಲ್ಲ! ರಾಜ್ಯ ಸರ್ಕಾರಕ್ಕೆ ನಾನು ಕೇಳುವುದಿದ್ದರೆ ಇದನ್ನೇ ಕೇಳುತ್ತೇನೆ. ತಾಲ್ಲೂಕಿಗೆ ಒಬ್ಬರಾದರೂ ಇದೊಂದೇ ಕೆಲಸದವರು ಬೇಕು. ಒಂದು ಜೀಪು ಬೇಕು.

ಇನ್ನೊಂದು ಸಣ್ಣ ವಿಷಯ, ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ಪರಿಶೀಲನಾ ಸಭೆಗೆ ಹೋಗುವ ತಃಖ್ತೆಯಲ್ಲಿ 'ಸ್ವೀಕೃತ, ಇತ್ಯರ್ಥ, ಬಾಕಿ' ಅಂತ ಮೂರು ಕಾಲಂ ನೋಡಿದ್ದೇನೆ. ನಮ್ಮ ಬೈಂಡಿಂಗ್ ಹೆಣ್ಣುಮಗಳನ್ನು ಹಿರಿಯರು ಕೂಡಿಸಿ ರಾಜಿ ಮಾಡಿ ಗಂಡನ ಮನೆಗೆ ಕಳಿಸಿದರು. ಆಕೆ 'ಇತ್ಯರ್ಥ'ದ ಕಾಲಂಗೆ ಹೋದಳು. ಎರಡು ತಿಂಗಳಿಗೆ ಮತ್ತೆ ಬಂದಾಗ ಹೊಸ 'ಸ್ವೀಕೃತ'. ಲೆಕ್ಕದಲ್ಲಿ ಇಬ್ಬರು ಹೆಂಗಸರು, ಒಂದು ಕೇಸು ಮುಗಿದಿದೆ! ರಾಜ್ಯದಲ್ಲಿ ಇಂಥವರು ಎಷ್ಟು ಜನ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 20.6 ಇತ್ತು. ದೇಶದ ಲೆಕ್ಕ ತೆಗೆದರೆ ಹಿಂಸೆ ಅನುಭವಿಸಿದವರಲ್ಲಿ ಶೇ. 77 ಮಂದಿ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ನಿಮ್ಮ ಹುಡುಗಿ ಫೋನ್ ಮಾಡಿದಳಲ್ಲ, ಅದೇ ದೊಡ್ಡದು. ಬಂದ ಗಾಡಿಯವರಿಗೆ ಅದು ಗೊತ್ತಿದ್ದರೆ 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಅಂತ ಸುಮ್ನೆ ಹೋಗುತ್ತಿರಲಿಲ್ಲ.

ಇನ್ನು 'ಹದ್ದಿಗೆ ಬರೂದಿಲ್ಲ' ಅನ್ನುವ ಮಾತು. ಇದು ಶುದ್ಧ ತಪ್ಪು. ಆಕೆ ಈಗ ಎಲ್ಲಿದ್ದಾಳೋ, ಸ್ವಲ್ಪ ದಿನದ ಮಟ್ಟಿಗೆ ಇದ್ದರೂ ಸರಿ, ಅಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು ಅಂತ ಅದೇ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಗಂಡನ ಮನೆ ಹುಬ್ಬಳ್ಳಿಯಾದರೂ ಗದಗ ನಡೆಯುತ್ತದೆ. (1997ರವರೆಗೆ ಎರಡೂ ಒಂದೇ ಜಿಲ್ಲೆ, ಆಗ ಏನು ನೆಪ ಹೇಳುತ್ತಿದ್ದರೋ.) ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇಡಬೇಕು, ಅದಾದ ಮೇಲೆ 60 ದಿನದಲ್ಲಿ ಮುಗಿಸಲು ನೋಡಬೇಕು. ವಕೀಲರ ಫೀ ಕೊಡಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 15100 ನಂಬರ್ ಅದಕ್ಕೇ ಇರುವುದು, ಹೋದ ಸಲ ನಾವು ಹೇಳದೆ ಬಿಟ್ಟದ್ದು.

ಆಕೆ ದಣಿದಿದ್ದಾಳೆ ಅಂತ ಬರೆದಿದ್ದೀರಿ. ಹಾಗಾದರೆ ನೀವು ಹೋಗಿ. 4ನೇ ಕಲಂ ಪ್ರಕಾರ ಗೊತ್ತಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದಕ್ಕೆ ನಿಮ್ಮ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಬರೆದುಕೊಂಡದ್ದರ ಪ್ರತಿಯನ್ನು ಅವರು ಪುಕ್ಕಟೆ ಕೊಡಬೇಕು, ಕೇಳಿ ಇಸಕೊಳ್ಳಿ. "ಸಾಹೇಬ್ರು ಫೀಲ್ಡಿಗೆ ಹೋಗ್ಯಾರ್ರಿ" ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತುಬಿಡಿ. ನಿವೃತ್ತ ಅಕ್ಕೋರನ್ನು ಎಬ್ಬಿಸಿ ಕಳಿಸುವ ಧೈರ್ಯ ನಮ್ಮ ಕಡೆ ಯಾರಿಗೂ ಇನ್ನೂ ಬಂದಿಲ್ಲ. ಅಲ್ಲಿ ಅರ್ಧ ಸಿಬ್ಬಂದಿ ನಿಮ್ಮ ಕೈಯಲ್ಲೇ ಕಲಿತವರಿದ್ದರೂ ಇರಬಹುದು.

ಹೋಗುವ ಮುಂಚೆ ಒಂದು ಕೆಲಸ. ಆ ಹುಡುಗಿಯನ್ನು ಕೂರಿಸಿ, ಚಹಾ ಕೊಟ್ಟು, ಮೊದಲಿನಿಂದ ಹೇಳು ಅನ್ನಿ. ಎಷ್ಟು ಹೊತ್ತಾದರೂ ಆಗಲಿ. ತಾರೀಖು, ವಾರ, ಮಗು ಎಲ್ಲಿತ್ತು, ಎಲ್ಲ ನೀವೇ ಬರೆದುಕೊಳ್ಳಿ. ನಿಮ್ಮ ಪತ್ರ ನನ್ನ ಮುಂದಿದೆ. ಅಕ್ಷರ ದುಂಡಗಿವೆ, ಯಾವ ಗುಮಾಸ್ತರಿಗೂ ಓದಲು ಬರಲಿಲ್ಲ ಅನ್ನುವ ಹಾಗಿಲ್ಲ.

— ಸಂಪಾದಕ