ನೋ-ಹಿಟರ್ ಕೈಗೆಟುಕುವ ಹೊತ್ತಿನಲ್ಲಿ ಪಿಚರ್‌ನನ್ನು ಆಟದಿಂದ ತೆಗೆಯುವುದು ಸರಿಯೇ?

ನೀವು ಕೇಳಿರುವುದು ಅಮೆರಿಕದ ಬೇಸ್‌ಬಾಲ್ ತಂಡ ಡಾಡ್ಜರ್ಸ್‌ನ ಪಿಚರ್ (ಚೆಂಡೆಸೆಯುವ ಆಟಗಾರ) ಕ್ಲೇಟನ್ ಕರ್ಶಾ ವಿಷಯ. 2022ರ ಏಪ್ರಿಲ್ 13, ಮಿನಿಯಾಪೊಲಿಸ್. ಏಳು ಇನಿಂಗ್ಸ್ ಮುಗಿದಿತ್ತು, ಎದುರಿಗೆ ಬಂದ 21 ಮಂದಿಯೂ ಔಟ್, ಅದರಲ್ಲಿ 13 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್). ಅಷ್ಟಕ್ಕೂ ಆಗಿದ್ದು 80 ಎಸೆತ ಮಾತ್ರ. ಆದರೂ ಡಾಡ್ಜರ್ಸ್ ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವರನ್ನು ತೆಗೆದರು. ‘ಇದು ಆಟಕ್ಕೆ ಬಗೆದ ದ್ರೋಹವಲ್ಲವೇ?’ ಎಂದು ಕೇಳಿದ್ದೀರಿ. ಅಲ್ಲ. ರಾಬರ್ಟ್ಸ್ ಮಾಡಿದ್ದೇ ಸರಿ ಅನ್ನುವವನು ನಾನು.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಒಂದು ಮಾತು. ಒಂಬತ್ತು ಇನಿಂಗ್ಸ್‌ನಲ್ಲಿ (ಒಂದೊಂದರಲ್ಲೂ ಮೂರು ಔಟ್) ಎದುರಾಳಿಗೆ ಒಂದೂ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪುವ ಅವಕಾಶ, ಕೊಡದಿದ್ದರೆ ನೋ-ಹಿಟರ್. ನಡುವೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟರೂ ನಡೆಯುತ್ತದೆ. ಪರ್ಫೆಕ್ಟ್ ಗೇಮ್‌ನಲ್ಲಿ ಅದೂ ಇಲ್ಲ, 27 ಮಂದಿ ಬರಬೇಕು, 27 ಮಂದಿಯೂ ಹಾಗೇ ವಾಪಸ್ ಹೋಗಬೇಕು. ಇಂಥದ್ದರ ಆಸೆ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಒಂಬತ್ತು ವಿಕೆಟ್ ಕಿತ್ತಿದ್ದಾಗ, ಹತ್ತನೆಯದೂ ಅವರಿಗೇ ಸಿಗಲಿ ಎಂದು ಶ್ರೀನಾಥ್ ಬೇಕೆಂದೇ ಸ್ಟಂಪ್‌ನಿಂದ ಆಚೆ ಬೌಲ್ ಮಾಡಿದರು. ಇವತ್ತಿಗೂ ಆ ಓವರ್ ನೆನೆದರೆ ಖುಷಿಯಾಗುತ್ತದೆ. ಆ ಇಬ್ಬರೂ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅನ್ನುವುದನ್ನೂ ಮರೆಯಬೇಡಿ, ಶ್ರೀನಾಥ್ ಅದಕ್ಕೆ ಮೊದಲು, ಕುಂಬ್ಳೆ ಆಮೇಲೆ.

ಕರ್ಶಾ ವಿಷಯಕ್ಕೆ ಬರೋಣ. ಆಗ ಅವರಿಗೆ 34 ವರ್ಷ. ಹಿಂದಿನ ವರ್ಷ ಎಡ ಮುಂಗೈ-ಮೊಣಕೈ ನೋವಿನಿಂದ ಪ್ಲೇಆಫ್ ಪೂರ್ತಿ ತಪ್ಪಿಹೋಗಿತ್ತು. ಆ ಚಳಿಗಾಲದಲ್ಲಿ ಜನವರಿಯವರೆಗೂ ಚೆಂಡು ಹಿಡಿದಿರಲಿಲ್ಲ. ತಂಡಗಳ ಮಾಲೀಕರು ಆಟಗಾರರನ್ನು ಹೊರಗಿಟ್ಟ ಲಾಕ್‌ಔಟ್‌ನಿಂದ ತರಬೇತಿಯ ದಿನಗಳೂ ಮೊಟಕಾಗಿದ್ದವು. ಆ ಋತುವಿನಲ್ಲಿ ಅವರಿಗೆ ಇದು ಮೊದಲ ಪಂದ್ಯ, ಅದೂ ಮೈ ಕೊರೆಯುವ ಚಳಿಯಲ್ಲಿ. 80 ಎಸೆತ ಕಡಿಮೆ ಅನ್ನಿಸುವುದು ಇದನ್ನೆಲ್ಲ ಬದಿಗಿಟ್ಟು ಬರೀ ಅಂಕಿ ನೋಡಿದಾಗ. ಆಟ ಮುಗಿದ ಮೇಲೆ ಕರ್ಶಾ ಅವರೇ ಆ ತೀರ್ಮಾನ ಸರಿ ಎಂದು ಒಪ್ಪಿಕೊಂಡರು.

ಎಸೆಯುವಾಗ ಕೈಗೆ ಏನಾಗುತ್ತದೆ ಎಂದು ನಿಧಾನಗತಿಯ ವಿಡಿಯೊದಲ್ಲಿ ಒಮ್ಮೆ ನೋಡಿ. ಚೆಂಡು ಮುಂದೆ ಹೋಗುವ ಮೊದಲು ಮುಂಗೈ ಪೂರ್ತಿ ಹಿಂದಕ್ಕೆ ಮಲಗುತ್ತದೆ, ಭುಜ ಮಾತ್ರ ಆಗಲೇ ಮುಂದಕ್ಕೆ ತಿರುಗಿರುತ್ತದೆ. ಆ ಕ್ಷಣದ ಎಳೆತ ಹೆಚ್ಚಾಗಿ ಬೀಳುವುದು ಮೊಣಕೈಯ ಒಳಬದಿಯ ಒಂದು ಸಣ್ಣ ಅಸ್ಥಿಬಂಧಕದ ಮೇಲೆ. ಟಾಮಿ ಜಾನ್ ಶಸ್ತ್ರಚಿಕಿತ್ಸೆ ಎಂದು ಕೇಳಿರುತ್ತೀರಲ್ಲ, 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಬಾರಿ ಮಾಡಿದ್ದು, ಅದು ಇದೇ ಹರಿದಾಗ ಮಾಡುವುದು. ಮುಂಗೈ ಸ್ನಾಯುಗಳು ಗಟ್ಟಿಯಾಗಿ ಕೆಲಸ ಮಾಡುವ ತನಕ ಭಾರದ ಒಂದು ಪಾಲು ಅವೇ ಹೊರುತ್ತವೆ. ಅವು ಸೋತಾಗ ಉಳಿದದ್ದು ಅಸ್ಥಿಬಂಧಕದ ಪಾಲಿಗೆ ಬರುತ್ತದೆ. ದಣಿದ ಕೈಯ ಹತ್ತು ಎಸೆತ, ತಾಜಾ ಕೈಯ ಹತ್ತು ಎಸೆತ ಎರಡೂ ಒಂದೇ ಅಲ್ಲ. ನೋ-ಹಿಟರ್‌ನ ಕೊನೆಯ ಎರಡು ಇನಿಂಗ್ಸ್‌ನಲ್ಲಿ ಇರುವುದು ದಣಿದ ಕೈ, ಮನಸ್ಸು ಮಾತ್ರ ಇನ್ನಷ್ಟು ಜೋರಾಗಿ ಎಸೆ ಅನ್ನುತ್ತಿರುತ್ತದೆ.

ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ನ್ಯೂಯಾರ್ಕ್ ಮೆಟ್ಸ್ ತಂಡದ ಪಿಚರ್ ಯೋಹಾನ್ ಸಾಂಟಾನಾ ಅವರಿಂದ. ನಾನು ನ್ಯೂಜೆರ್ಸಿಯಲ್ಲಿರುವ ಮೆಟ್ಸ್ ಅಭಿಮಾನಿ. 1962ರಲ್ಲಿ ಶುರುವಾದ ತಂಡ, ಎಂಟು ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದರೂ, ಟಾಮ್ ಸೀವರ್ ಅಂಥ ದೊಡ್ಡ ಪಿಚರ್‌ಗಳು ಬಂದುಹೋದರೂ, ನಮಗೆ ಒಂದೇ ಒಂದು ನೋ-ಹಿಟರ್ ಇರಲಿಲ್ಲ. 2012ರ ಜೂನ್ 1ರಂದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎದುರು ಸಾಂಟಾನಾ ಆ ಕೊರತೆ ತೀರಿಸಿದರು. ಕಾರ್ಡಿನಲ್ಸ್‌ನ ಬೆಲ್ಟ್ರಾನ್ ಹೊಡೆದ ಚೆಂಡು ಗೆರೆಯ ಸುಣ್ಣಕ್ಕೆ ತಾಗಿದ್ದರೂ ಫೌಲ್ (ಗೆರೆಯಾಚೆ ಬಿದ್ದದ್ದು) ಎಂದು ಘೋಷಿಸಲಾಯಿತು, ನಮ್ಮ ಫೀಲ್ಡರ್ ಮೈಕ್ ಬ್ಯಾಕ್ಸ್‌ಟರ್ ಗೋಡೆಗೆ ಅಪ್ಪಳಿಸಿ ಕ್ಯಾಚ್ ಹಿಡಿದು ಗಾಯಗೊಂಡರು. ಟಿವಿ ಮುಂದೆ ಕೂತು ಕುಣಿದವರಲ್ಲಿ ನಾನೂ ಒಬ್ಬ.

ಆದರೆ ಸಾಂಟಾನಾ ಅವರ ಎಡಭುಜದ ಮುಂಭಾಗದ ಕ್ಯಾಪ್ಸೂಲ್ (ಕೀಲನ್ನು ಸುತ್ತಿರುವ ಪೊರೆ) ಹರಿದು 2010ರ ಸೆಪ್ಟೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು. 2011 ಪೂರ್ತಿ ಆಡಿರಲಿಲ್ಲ. 115 ಎಸೆತದ ಆಸುಪಾಸಿನಲ್ಲಿ ನಿಲ್ಲಿಸಬೇಕೆಂದು ಮ್ಯಾನೇಜರ್ ಟೆರಿ ಕಾಲಿನ್ಸ್ ಲೆಕ್ಕ ಹಾಕಿದ್ದರು. ಆ ರಾತ್ರಿ ಆದದ್ದು 134, ಸಾಂಟಾನಾ ವೃತ್ತಿಜೀವನದಲ್ಲೇ ಅತಿ ಹೆಚ್ಚು. ಅವರ ಮುಂದಿನ ಪಂದ್ಯದಲ್ಲಿ ಯಾಂಕೀಸ್ ನಾಲ್ಕು ಹೋಮ್ ರನ್ ಹೊಡೆದರು. ಆಗಸ್ಟ್‌ನಲ್ಲೇ ಅವರ ಋತು ಮುಗಿಯಿತು, 2013ರಲ್ಲಿ ಅದೇ ಕ್ಯಾಪ್ಸೂಲ್ ಮತ್ತೆ ಹರಿಯಿತು, ಮೇಜರ್ ಲೀಗ್‌ನಲ್ಲಿ ಅವರು ಮತ್ತೆಂದೂ ಎಸೆಯಲಿಲ್ಲ. ನಡುವೆ ಕಾಲಿನ ಗಾಯ, ಬೆನ್ನುನೋವು ಎರಡೂ ಇದ್ದವು, ಎಲ್ಲವನ್ನೂ ಒಂದು ರಾತ್ರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಆಗಲೇ ಹೊಲಿಗೆ ಕಂಡಿದ್ದ ಭುಜದಿಂದ ಅಷ್ಟು ಕೆಲಸ ತೆಗೆಸಬಾರದಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆ ನೋ-ಹಿಟರ್ ಇಲ್ಲದೆಯೂ ನಾನು ಮೆಟ್ಸ್ ಅಭಿಮಾನಿಯಾಗಿಯೇ ಇರುತ್ತಿದ್ದೆ.

‘ಪಿಚರ್ ತಾನೇ ಆಡುತ್ತೇನೆ ಅಂದರೆ?’ ಎಂದೂ ಕೇಳಿದ್ದೀರಿ. ಅವನು ಅಂದೇ ಅನ್ನುತ್ತಾನೆ. ಸಾಂಟಾನಾ ಕೂಡ ಅಂದರು. ಆ ಹೊತ್ತಿಗೆ ಮೈಯಲ್ಲಿ ನೋವೇ ಗೊತ್ತಾಗದಷ್ಟು ಹುರುಪು ಇರುತ್ತದೆ. ಅದಕ್ಕೇ ಮಿತಿಯನ್ನು ಪಂದ್ಯಕ್ಕೆ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಬೇಕು, ಜನರ ಬೈಗುಳವನ್ನು ಮ್ಯಾನೇಜರ್ ತನ್ನ ಮೇಲೆ ಹಾಕಿಕೊಳ್ಳಬೇಕು. ಜಪಾನಿನಲ್ಲಿ ಚಿಬಾ ಲೋಟೆ ತಂಡದ ಮ್ಯಾನೇಜರ್ ಇಗುಚಿ ಹೀಗೇ ಮಾಡಿದರು. 2022ರ ಏಪ್ರಿಲ್ 10ರಂದು 20ರ ಹರೆಯದ ರೋಕಿ ಸಸಾಕಿ 19 ಸ್ಟ್ರೈಕ್‌ಔಟ್‌ಗಳೊಂದಿಗೆ ಪರ್ಫೆಕ್ಟ್ ಗೇಮ್ ಮುಗಿಸಿದ್ದ. ವಾರದ ನಂತರ ಮತ್ತೆ ಎಂಟು ಇನಿಂಗ್ಸ್ ಪರ್ಫೆಕ್ಟ್! 102 ಎಸೆತ ಆಗಿತ್ತು, ಇಗುಚಿ ತೆಗೆದರು. ಪಂದ್ಯ ಹತ್ತನೇ ಇನಿಂಗ್ಸ್‌ಗೆ ಹೋಗಿ ಲೋಟೆ 0-1ರಿಂದ ಸೋತಿತು. ದಾಖಲೆಯೂ ಇಲ್ಲ, ಗೆಲುವೂ ಇಲ್ಲ. ಹಾಗಿದ್ದರೂ ಆ ವಯಸ್ಸಿನ ಕೈಯನ್ನು ಎರಡು ವಾರ ಸತತವಾಗಿ ಹಿಂಡದೆ ಬಿಟ್ಟ ಇಗುಚಿ ಮೇಲೆ ನನಗೆ ತುಂಬ ಗೌರವ.

ಎಲ್ಲರನ್ನೂ ಎಲ್ಲ ಸಲವೂ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಗಾಯದ ಹಳೆ ಕತೆಯಿಲ್ಲದ ಪಿಚರ್, ಋತುವಿನ ನಡುವೆ ಕೈ ಪಳಗಿದ ಮೇಲೆ, 115 ಎಸೆತದ ಒಳಗೆ ಮುಗಿಯುವಂತಿದ್ದರೆ ಖಂಡಿತ ಬಿಡಬೇಕು. ರಾಬರ್ಟ್ಸ್ ಕೂಡ ಇದನ್ನೇ ಮಾಡಿದರು, ಆದರೆ ಏಪ್ರಿಲ್ ಪಂದ್ಯದ ಬಗ್ಗೆ ಕೋಪಿಸಿಕೊಂಡವರು ಇದನ್ನು ಹೇಳುವುದೇ ಇಲ್ಲ. ಅದೇ ವರ್ಷ ಜುಲೈ 15ರಂದು ಏಂಜಲ್ಸ್ ಎದುರು ಕರ್ಶಾ ಮತ್ತೆ ಏಳು ಇನಿಂಗ್ಸ್ ಪರ್ಫೆಕ್ಟ್ ಆಗಿ ಎಸೆದಿದ್ದರು. ಈ ಸಲ ಎಂಟನೆಯದಕ್ಕೂ ಅವರನ್ನೇ ಕಳಿಸಲಾಯಿತು. ಮೊದಲ ಬ್ಯಾಟರ್ ಲೂಯಿಸ್ ರೆಂಗಿಫೊ ಡಬಲ್ (ಎರಡನೇ ಬೇಸ್‌ವರೆಗೆ ಓಡಿಸುವ ಹಿಟ್) ಹೊಡೆದು ಕತೆ ಮುಗಿಸಿದರು. ಮ್ಯಾನೇಜರ್ ಅವರೇ, ಪಿಚರ್ ಅವರೇ, ಕೈಯ ಸ್ಥಿತಿ ಮಾತ್ರ ಬೇರೆ. ರಾಬರ್ಟ್ಸ್ ಅವರನ್ನು ಬೈಯುವ ಮುಂಚೆ ಆ ಎರಡೂ ಪಂದ್ಯಗಳನ್ನು ಒಟ್ಟಿಗೆ ಇಟ್ಟು ನೋಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.