ಸಬ್ಬಕ್ಕಿ ಸಂಡಿಗೆಯಲ್ಲಿ ಕಾಳು ಗಟ್ಟಿಯಾಗಿ ಉಳಿಯುತ್ತಿದ್ದರೆ

ಕರಿದ ಸಂಡಿಗೆಯಲ್ಲಿ ಕಾಳು ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ, ಉಪ್ಪೂ ಜಾಸ್ತಿ ಅಂದಿದ್ದೀರಿ. ಕಾಳು ಪೂರ್ತಿ ಬೆಂದಿಲ್ಲ, ಅಷ್ಟೇ. 1 ಲೋಟ ಸಬ್ಬಕ್ಕಿ ರಾತ್ರಿಯೇ ನೆನೆಸಿ. ಬೆಳಿಗ್ಗೆ 5 ಲೋಟ ನೀರು ಕುದಿಸಿ ನೆನೆದ ಸಬ್ಬಕ್ಕಿ ಹಾಕಿ, ತಳ ಹಿಡಿಯದಂತೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ಕಾಳಿನ ನಡುವಿನ ಬಿಳಿ ಚುಕ್ಕೆ ಮಾಯವಾಗಿ ಗಾಜಿನಂತೆ ಕಾಣುವವರೆಗೂ ಒಲೆ ಆರಿಸಬೇಡಿ. ಆಮೇಲೆ ಜೀರಿಗೆ, ರುಬ್ಬಿದ ಹಸಿಮೆಣಸಿನಕಾಯಿ, ಉಪ್ಪು. ಗಂಜಿ ರುಚಿ ನೋಡಿದರೆ ಸ್ವಲ್ಪ ಸಪ್ಪೆ ಎನಿಸಬೇಕು. ಒಣಗುವಾಗ ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನಿಂಬೆರಸ ಇಳಿಸಿದ ಮೇಲೆಯೇ ಹಿಂಡಿ.

ಯುಗಾದಿ ಆಸುಪಾಸಿನ ಬಿಸಿಲೇ ಇದಕ್ಕೆ ಸರಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಚಮಚದಲ್ಲಿ ಬಿಡಿ, ಮರುದಿನ ಮಗುಚಿ ಹಾಕಿ. ಮುರಿದರೆ ಚಟ್ಟನೆ ಸದ್ದಾಗಬೇಕು. ಬಗ್ಗಿದರೆ ಇನ್ನೊಂದು ಬಿಸಿಲು ಬೇಕು, ಇಲ್ಲದಿದ್ದರೆ ಡಬ್ಬಿಯಲ್ಲೇ ಬೂಷ್ಟು ಹಿಡಿಯುತ್ತದೆ.